ಕಾಲು ಸ್ವರದ ಸೆಲ್ಲೋ, ಹನ್ನೆರಡು ಸ್ವರದ ಪೇಟಿ

ಹಳಿಯಾಳದ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡುವುದೆಂದರೆ ಮೊದಲು ಗೊತ್ತು ಮಾಡಬೇಕಾದವರು ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುವವರು. ರಾಜಾಪಾರ್ಟು ಯಾರದು ಎಂಬುದು ಆಮೇಲಿನ ಮಾತು. ತಾಲೀಮಿನಲ್ಲಿ ಹುಡುಗನ ದನಿ ಎಲ್ಲಿಯವರೆಗೆ ಏರುತ್ತದೆಂದು ನೋಡಿ, ಕರಿ ಒಂದೋ ಕರಿ ಎರಡೋ ಎಂದು ಶ್ರುತಿ ಹಿಡಿದುಕೊಡುವವರು ಅವರೇ. ಅವರ ಮುಂದೆ ಹಾಳೆ ಇರುವುದಿಲ್ಲ. ಕಣ್ಣು ಹಾಡುವವನ ಬಾಯಿಯ ಮೇಲೆ. ಅವನು ಜಾರಿದರೆ ಬೆರಳು ಒಂದು ಸ್ವರ ಮುಂದೆ ಹೋಗಿ ಕಾಯುತ್ತದೆ.

ಪೇಟಿಯ ಈ ಸಾಥ್ ಆಕಾಶವಾಣಿಯ ಶಾಸ್ತ್ರೀಯ ಸಂಗೀತದಿಂದ ಮೂರು ದಶಕ ಹೊರಗಿತ್ತು. ಅದನ್ನು ಹೊರಗಿಡಬೇಕೆಂದು ವಾದಿಸಿದವರಲ್ಲಿ ಒಬ್ಬರು ಮ್ಯಾಂಚೆಸ್ಟರಿನ ಸೆಲ್ಲೋ ವಾದಕ ಜಾನ್ ಫೋಲ್ಡ್ಸ್. ಅಲ್ಲಿಗೆ ಬರಬೇಕಾದರೆ ಸೆಲ್ಲೋ ಮತ್ತು ಪಿಯಾನೋಗಳ ಸಂಬಂಧ ಹೇಗೆ ಕೂಡಿಬಂತೆಂದು ನೋಡಬೇಕು.

ಸೆಲ್ಲೋ ಪಿಟೀಲಿನ ಕುಲದ್ದೇ. ಕುರ್ಚಿಯಲ್ಲಿ ಕೂತು ಮೊಣಕಾಲ ನಡುವೆ ಹಿಡಿದು ನುಡಿಸುವ ದಪ್ಪ ದನಿಯ ವಾದ್ಯ. ವಿವಾಲ್ಡಿಯ ಕಾಲದ ಸೆಲ್ಲೋ ಸೊನಾಟಾಗಳಲ್ಲಿ ಜೊತೆಗಾರನಿಗೆ ಸಿಗುತ್ತಿದ್ದುದು ಮಂದ್ರದ ಒಂದು ಸಾಲು, ಕೆಲವೊಮ್ಮೆ ಅದರೊಂದಿಗೆ ಒಂದಿಷ್ಟು ಅಂಕಿ. ಆ ಅಂಕಿಗಳನ್ನು ನೋಡಿ ಬಲಗೈಗೆ ಬೇಕಾದ ಸ್ವರಗಳನ್ನು ಆತ ಅಲ್ಲೇ ಹುಟ್ಟಿಸಿಕೊಳ್ಳಬೇಕು. ಅಂದರೆ ಅವತ್ತಿನ ಯುರೋಪಿನ ಜೊತೆಗಾರ ನಮ್ಮ ಪೇಟಿ ಮಾಸ್ತರರಿಗೆ ತೀರ ದೂರದವನಲ್ಲ. ಇದು ಬದಲಾದದ್ದು 1796ರಲ್ಲಿ. ಬರ್ಲಿನ್ನಿಗೆ ಹೋದ ಬೀಥೋವನ್ ಅಲ್ಲಿನ ಆಸ್ಥಾನದ ಸೆಲ್ಲೋ ವಾದಕ ಡುಪೋರ್ ಜೊತೆ ನುಡಿಸಲು ಎರಡು ಸೊನಾಟಾ ರಚಿಸಿ, ಸ್ವತಃ ಸೆಲ್ಲೋ ಬಲ್ಲ ರಾಜ ಎರಡನೇ ಫ್ರೆಡರಿಕ್ ವಿಲಿಯಂಗೆ ಅರ್ಪಿಸಿದ. ಅವುಗಳಲ್ಲಿ ಪಿಯಾನೋದ ಎರಡೂ ಕೈಗಳ ಒಂದೊಂದು ಸ್ವರವನ್ನೂ ಬರೆದಿಟ್ಟ. ಮುಖಪುಟದಲ್ಲಿ ಮೊದಲ ಹೆಸರು ಸೆಲ್ಲೋದ್ದಲ್ಲ, ಪಿಯಾನೋದ್ದು. ಮುಂದೆ ಬ್ರಾಹ್ಮ್ಸ್ ಕೂಡ ತನ್ನ ಮೊದಲ ಸೊನಾಟಾಕ್ಕೆ ‘ಪಿಯಾನೋ ಮತ್ತು ಸೆಲ್ಲೋ’ ಎಂದೇ ಹೆಸರಿಟ್ಟ.

ಇಂದಿಗೂ ಈ ಸಂಗೀತದ ಮುದ್ರಿತ ಪ್ರತಿಯನ್ನು ಬಿಡಿಸಿದರೆ ಆ ಸಂಬಂಧ ಕಣ್ಣಿಗೇ ಕಾಣುತ್ತದೆ. ಪಿಯಾನೋದವರ ಪುಸ್ತಕದಲ್ಲಿ ತಮ್ಮ ಎರಡು ಸಾಲುಗಳ ಮೇಲೆ ಸೆಲ್ಲೋದ ಸಾಲು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಸೆಲ್ಲೋದವರ ಕೈಯಲ್ಲಿರುವುದು ಬೇರೆಯೇ ತೆಳು ಪ್ರತಿ; ಅದರಲ್ಲಿ ತಮ್ಮ ಸಾಲು ಮಾತ್ರ. ಇಬ್ಬರ ಪಾಲನ್ನೂ ಪೂರ್ತಿ ನೋಡುತ್ತಿರುವವರು ಜೊತೆಗಾರರು ಒಬ್ಬರೇ.

ಹಾಳೆಯಲ್ಲಿ ಕಾಣದ ಜಗಳ ಸ್ವರಗಳದು. ಒಂದು ಸಪ್ತಕವನ್ನು 1200 ಸೆಂಟ್ ಎಂದು ಎಣಿಸಿದರೆ ಪಿಯಾನೋದ ಹನ್ನೆರಡು ಮನೆಗಳು ನೂರು ನೂರು ಸೆಂಟ್ ಅಂತರದಲ್ಲಿ ಕೂತಿರುತ್ತವೆ. ಅದರ ಶುದ್ಧ ಗಾಂಧಾರ 400ರಲ್ಲಿ. ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ 386ರಲ್ಲಿ. ತಂತಿಯ ಮೇಲೆ ಬೆರಳು ಎಲ್ಲಿ ಬೇಕಾದರೂ ನಿಲ್ಲಬಲ್ಲ ಸೆಲ್ಲೋದವರು ಈ ಹದಿನಾಲ್ಕು ಸೆಂಟ್‌ಗಳ ರಾಜಿಯನ್ನು ಪಿಯಾನೋ ಜೊತೆ ಕೂತಾಗಲೆಲ್ಲ ಮಾಡಿಕೊಳ್ಳಬೇಕು. ಹಾರ್ಮೋನಿಯಂ ಜೊತೆ ದರಬಾರಿ ರಾಗ ಹಾಡುವವರ ಕಷ್ಟ ಇನ್ನೂ ದೊಡ್ಡದು. ತೂಗಾಡುವ ಆ ಕೋಮಲ ಗಾಂಧಾರ ಪೇಟಿಯ ಯಾವ ಮನೆಯಲ್ಲೂ ಇಲ್ಲ.

ಫೋಲ್ಡ್ಸ್ ಈ ಗಡಿಯನ್ನು ಚಿಕ್ಕ ವಯಸ್ಸಿನಲ್ಲೇ ಮೀರಲು ಹೊರಟವರು. ಹುಟ್ಟಿದ್ದು 1880, 1900ರಲ್ಲಿ ಹ್ಯಾಲೆ ಆರ್ಕೆಸ್ಟ್ರಾದ ಸೆಲ್ಲೋ ಸಾಲಿಗೆ ಸೇರಿದರು. 1905ರಲ್ಲಿ ಬರೆದು 1927ರಲ್ಲಿ ತಿದ್ದಿದ ಅವರ ಸೆಲ್ಲೋ–ಪಿಯಾನೋ ಸೊನಾಟಾದಲ್ಲಿ ಕಾಲು ಸ್ವರಗಳಿವೆ: ಎರಡು ಮನೆಗಳ ನಡುವೆ, ಐವತ್ತು ಸೆಂಟಿನಲ್ಲಿ ನಿಲ್ಲುವ ಸ್ವರಗಳು. ಪಕ್ಕದ ಪಿಯಾನೋದಲ್ಲಿ ಅವು ಇಲ್ಲವೇ ಇಲ್ಲ. ಪತ್ನಿ ಮಾಡ್ ಮೆಕಾರ್ಥಿ ಪಿಟೀಲು ವಾದಕಿ, ಆನಿ ಬೆಸೆಂಟರ ಜೊತೆ ಭಾರತಕ್ಕೆ ಬಂದು ನಮ್ಮ ಸಂಗೀತ ಕಲಿತು, ಶ್ರುತಿಗಳ ಬಗ್ಗೆ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟವರು. ದಂಪತಿ 1935ರಲ್ಲಿ ಭಾರತಕ್ಕೆ ಬಂದರು. ಫೋಲ್ಡ್ಸ್ ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು. 1938ರಲ್ಲಿ ‘ದಿ ಇಂಡಿಯನ್ ಲಿಸನರ್’ ಪತ್ರಿಕೆಯಲ್ಲಿ ಹಾರ್ಮೋನಿಯಂ ವಿರುದ್ಧ ಕಟುವಾಗಿ ಬರೆದರು. ಮರುವರ್ಷವೇ ಕಲ್ಕತ್ತೆಯಲ್ಲಿ ಕಾಲರಾಕ್ಕೆ ತುತ್ತಾದರು. ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧ ಜಾರಿಯಾದದ್ದು 1940ರ ಮಾರ್ಚ್ 1ರಂದು. ರವೀಂದ್ರನಾಥ ಠಾಕೂರರ ಒಪ್ಪಿಗೆಯೂ ಅದಕ್ಕಿತ್ತು.

ಫೋಲ್ಡ್ಸ್ ಹೇಳಿದ ದೋಷ ನಿಜ. ಕೇಳಿದ ಶಿಕ್ಷೆ ಮಾತ್ರ ಅತಿಯಾಯಿತು ಎಂದು ನನಗನಿಸುತ್ತದೆ. ಪಿಯಾನೋ ಪಕ್ಕದಲ್ಲಿದ್ದರೂ ಸೆಲ್ಲೋ ತನ್ನ ಕಾಲು ಸ್ವರ ನುಡಿಸಬಹುದೆಂದು ಬರೆದು ತೋರಿಸಿದ್ದು ಅದೇ ಫೋಲ್ಡ್ಸ್. ನಮ್ಮ ಒಳ್ಳೆಯ ಪೇಟಿಯವರು ಮಾಡುವುದೂ ಅದನ್ನೇ: ಗಾಯಕ ಗಾಂಧಾರವನ್ನು ತೂಗಾಡಿಸುವಾಗ ಆ ಮನೆಯನ್ನು ಒತ್ತದೆ ಷಡ್ಜಕ್ಕೆ ಸರಿದು ನಿಲ್ಲುತ್ತಾರೆ.

1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಗೂ ಈ ನಿಷೇಧವೇ ಅನ್ವಯವಾಯಿತು. ಸ್ಟುಡಿಯೋದಲ್ಲಿ ಸಾರಂಗಿಗೆ ಜಾಗ, ಪೇಟಿಗೆ ಇಲ್ಲ. ಹೊರಗೆ ಬಂದರೆ ಬೈಠಕ್ಕುಗಳಲ್ಲಿ, ನಾಟಕ ಕಂಪನಿಗಳಲ್ಲಿ, ಭಜನೆಯಲ್ಲಿ ಅದೇ ಪೇಟಿ. ಬೆಳಗಾವಿಯ ರಾಮಭಾವು ವಿಜಾಪುರೆಯವರಂಥ ಗುರುಗಳು ಆ ವರ್ಷಗಳಲ್ಲೂ ಶಿಷ್ಯರನ್ನು ತಯಾರು ಮಾಡಿದರು. 1971ರಲ್ಲಿ ಆಕಾಶವಾಣಿ ನಿಷೇಧ ಸಡಿಲಿಸಿ ಸಾಥ್‌ಗೆ ಅವಕಾಶ ಕೊಟ್ಟಿತು, ಸೋಲೋಗೆ ಕೊಡಲಿಲ್ಲ.

ನಿಷೇಧದ ನಷ್ಟ ಇನ್ನೂ ಮುಗಿದಿಲ್ಲ. ಬೀಥೋವನ್ ಬರೆದ ಪಿಯಾನೋ ಸಾಲುಗಳು ಅಚ್ಚಿನಲ್ಲಿವೆ. ಫೋಲ್ಡ್ಸ್‌ರ ಸೊನಾಟಾದ ಧ್ವನಿಮುದ್ರಣವೂ ಇಂದು ಸಿಗುತ್ತದೆ. ಬರೆದಿಡದ ಸಾಥ್‌ಗೆ ಧ್ವನಿಮುದ್ರಣವೇ ದಾಖಲೆ. ದೇಶದ ಗಾಯಕರ ದನಿಯನ್ನು ಹೆಚ್ಚಾಗಿ ಸಂಗ್ರಹಿಸಿದ ಸಂಸ್ಥೆಯ ಆ ಮೂವತ್ತೊಂದು ವರ್ಷಗಳ ಟೇಪುಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ ತಲೆಮಾರಿನ ಗಾಯನ ಉಳಿದಿದೆ, ಅವರಿಗೆ ಸಾಥ್ ಕೊಡಬಹುದಾಗಿದ್ದ ಪೇಟಿಯ ಬೆರಳುಗಳು ಉಳಿದಿಲ್ಲ.