ತ್ರಿವಳಿ ಗರ್ಭ: ಮಾಸಿನ ವಿಧ ಮತ್ತು ಅದರ ಪರಿಣಾಮ

ಗರ್ಭದಲ್ಲಿ ಮೂರು ಶಿಶುಗಳಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡುಬಂದಾಗ ಮೊದಲು ಖಚಿತಪಡಿಸಿಕೊಳ್ಳಬೇಕಾದ ಅಂಶವೆಂದರೆ, ಅವುಗಳಿಗೆ ಎಷ್ಟು ಮಾಸುಗಳಿವೆ (ಜರಾಯು) ಎಂಬುದು. ಮುಂದಿನ ತಪಾಸಣೆಯ ಕ್ರಮ ಹಾಗೂ ಹೆರಿಗೆಯ ಕಾಲ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತವೆ.

ಮೂರು ಶಿಶುಗಳಿಗೂ ಪ್ರತ್ಯೇಕ ಮಾಸುಗಳಿರಬಹುದು. ಎರಡು ಶಿಶುಗಳು ಒಂದು ಮಾಸನ್ನು ಹಂಚಿಕೊಂಡು ಮೂರನೆಯದಕ್ಕೆ ಬೇರೆ ಮಾಸು ಇರಬಹುದು. ಅಪರೂಪವಾಗಿ ಮೂರಕ್ಕೂ ಒಂದೇ ಮಾಸು ಇರಬಹುದು. ಇವುಗಳಲ್ಲಿ ಮೊದಲನೆಯ ವಿಧದಲ್ಲಿ ಅಪಾಯ ಕಡಿಮೆ. ಆದರೂ ಅದನ್ನು ಸಾಧಾರಣ ಗರ್ಭವೆಂದು ಭಾವಿಸತಕ್ಕದ್ದಲ್ಲ. ಸುಮಾರು ನಾಲ್ಕರಲ್ಲಿ ಮೂರು ತ್ರಿವಳಿ ಗರ್ಭಗಳಲ್ಲಿ 35 ವಾರ ತುಂಬುವ ಮೊದಲೇ ಹೆರಿಗೆಯಾಗುತ್ತದೆ.

ಹಂಚಿಕೊಂಡ ಮಾಸಿನಲ್ಲಿ ಶಿಶುಗಳ ರಕ್ತನಾಳಗಳು ಪರಸ್ಪರ ಕೂಡಿಕೊಂಡಿರುತ್ತವೆ. ರಕ್ತದ ಹರಿವು ಅಸಮವಾದಲ್ಲಿ ಒಂದು ಶಿಶುವಿಗೆ ರಕ್ತ ಕಡಿಮೆಯಾಗಿ ಅದರ ಸುತ್ತಲಿನ ನೀರು ಬತ್ತುತ್ತದೆ. ಇನ್ನೊಂದಕ್ಕೆ ರಕ್ತ ಹೆಚ್ಚಾಗಿ ನೀರು ತುಂಬಿಕೊಂಡು ಹೃದಯದ ಮೇಲೆ ಭಾರ ಬೀಳುತ್ತದೆ. ಒಂದೇ ಮಾಸಿನ ಅವಳಿಗಳಲ್ಲಿ 100ಕ್ಕೆ 10ರಿಂದ 15 ಗರ್ಭಗಳಲ್ಲಿ ಈ ತೊಂದರೆ ಕಂಡುಬರುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಎರಡೂ ಶಿಶುಗಳ ಜೀವಕ್ಕೆ ಅಪಾಯ. ಒಂದು ಮೃತಪಟ್ಟಲ್ಲಿ, ಅದೇ ಮಾಸಿನ ಇನ್ನೊಂದರ ಮೆದುಳಿಗೆ ಹಾನಿಯಾಗಬಹುದು. ಸಕಾಲದಲ್ಲಿ ಪತ್ತೆಯಾದರೆ ಕೂಡಿಕೊಂಡ ರಕ್ತನಾಳಗಳನ್ನು ಲೇಸರ್ ಮೂಲಕ ಮುಚ್ಚಬಹುದಾಗಿದೆ. ಈ ಸೌಲಭ್ಯ ಕೆಲವೇ ಆಸ್ಪತ್ರೆಗಳಲ್ಲಿರುತ್ತದೆ. ಆದಕಾರಣ ಮಾಸು ಹಂಚಿಕೆಯಾಗಿದ್ದಲ್ಲಿ 16ನೇ ವಾರದಿಂದ ಪ್ರತಿ ಎರಡು ವಾರಗಳಿಗೊಮ್ಮೆ ಸ್ಕ್ಯಾನಿಂಗ್ ಅಗತ್ಯ.

ಮಾಸಿನ ವಿಧವನ್ನು ತಿಳಿಯಲು 11ರಿಂದ 14ನೇ ವಾರ ಸೂಕ್ತ ಕಾಲ. ಪ್ರತ್ಯೇಕ ಮಾಸುಗಳಿದ್ದಲ್ಲಿ ಶಿಶುಗಳ ನಡುವಿನ ಪೊರೆಯ ಬುಡ ದಪ್ಪನಾಗಿ ತ್ರಿಕೋನದಂತೆ ಕಾಣುತ್ತದೆ. ಹಂಚಿಕೆಯಾಗಿದ್ದಲ್ಲಿ ತೆಳುವಾದ ಪೊರೆ ನೇರವಾಗಿ ಮಾಸನ್ನು ಸೇರುತ್ತದೆ. ದಿನ ಕಳೆದಂತೆ ಈ ಗುರುತು ಮಸುಕಾಗುತ್ತದೆ. ಎರಡು ಮಾಸುಗಳು ಅಂಟಿಕೊಂಡು ಒಂದೇ ಎಂಬಂತೆ ತೋರುವುದೂ ಉಂಟು. ಐದನೇ ತಿಂಗಳಲ್ಲಿ ಮೊದಲ ಬಾರಿಗೆ ಸ್ಕ್ಯಾನಿಂಗ್‌ಗೆ ಬರುವವರಲ್ಲಿ ವಿಧವನ್ನು ನಿರ್ಧರಿಸುವುದು ಕಷ್ಟವಾಗುವುದು ಈ ಕಾರಣದಿಂದಲೇ.

ಸ್ಕ್ಯಾನಿಂಗ್‌ಗೆ ಮುನ್ನ ಭರ್ತಿ ಮಾಡುವ 'ಎಫ್' ನಮೂನೆಯಲ್ಲಿ ಭ್ರೂಣಗಳ ಸಂಖ್ಯೆ ಮತ್ತು ಮಾಸಿನ ವಿಧವನ್ನು ತಿಳಿಯುವುದು ಅನುಮತಿಸಲಾದ ಕಾರಣಗಳಲ್ಲಿ ಒಂದಾಗಿರುತ್ತದೆ. ಆದುದರಿಂದ ಗರ್ಭಿಣಿಯರು ಈ ಮಾಹಿತಿಯನ್ನು ಕೇಳಿ ಪಡೆದು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳತಕ್ಕದ್ದು. ಶಿಶುವಿನ ಲಿಂಗವನ್ನು ಕೇಳುವುದಾಗಲಿ ತಿಳಿಸುವುದಾಗಲಿ 1994ರ ಕಾಯ್ದೆಯನ್ವಯ ಅಪರಾಧ.

2011ರಲ್ಲಿ ಪ್ರಾರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪರೀಕ್ಷೆ, ಹೆರಿಗೆ ಹಾಗೂ ಶಸ್ತ್ರಚಿಕಿತ್ಸೆ ಉಚಿತ. ಅಸ್ವಸ್ಥ ನವಜಾತ ಶಿಶುಗಳ ಚಿಕಿತ್ಸೆಯೂ ಉಚಿತ. ತ್ರಿವಳಿ ಗರ್ಭವಿರುವವರು ನವಜಾತ ಶಿಶು ತೀವ್ರ ನಿಗಾ ಘಟಕವುಳ್ಳ ಆಸ್ಪತ್ರೆಯಲ್ಲಿ ಮೊದಲೇ ಹೆಸರು ನೋಂದಾಯಿಸಿಕೊಳ್ಳುವುದು ಅವಶ್ಯ. ಹೊಟ್ಟೆ ಕೆಲವೇ ದಿನಗಳಲ್ಲಿ ಬಿಗಿದು ದೊಡ್ಡದಾದರೆ, ಉಸಿರಾಟ ಕಷ್ಟವಾದರೆ, ನೀರು ಹೋದರೆ ಅಥವಾ ಶಿಶುಗಳ ಚಲನೆ ಕಡಿಮೆಯಾದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಬರತಕ್ಕದ್ದು.