ಬಿಸಿಲ ನಾಡಿನ ತುಂಬು ಮನೆಗೆ ತಂಪಿನ ಲೆಕ್ಕ

ಮೇ ಎರಡನೇ ವಾರದ ಆಸುಪಾಸು ಕಲಬುರಗಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬ ನೆಟ್ಟರೆ ನೆರಳು ಬುಡದಲ್ಲೇ ಅಡಗುತ್ತದೆ. ಉಷ್ಣಾಂಶ 42 ಡಿಗ್ರಿ ಮುಟ್ಟುವ ದಿನಗಳವು. ಆ ಹೊತ್ತಿಗೆ ದುಡಿಯುವವರು ಆಫೀಸಿನಲ್ಲೋ ಅಂಗಡಿಯಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ರಜೆಯ ಮೊಮ್ಮಕ್ಕಳು, ಹೆರಿಗೆಗೆ ಬಂದ ಮಗಳು. ಆದರೆ ನಕ್ಷೆ ಹಾಕಿಸುವಾಗ ಮುಂಭಾಗ ಹೇಗೆ ಕಾಣಬೇಕು, ಕಾರು ಎಲ್ಲಿ ನಿಲ್ಲಬೇಕು, ಎಸಿ ಪಾಯಿಂಟ್ ಎಷ್ಟು ಬೇಕು ಎಂಬ ಮಾತೇ ಹೆಚ್ಚು. ಮೂರು ತಲೆಮಾರು ಒಟ್ಟಿಗಿರುವ ಮನೆ ಕಟ್ಟುವವರು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕು: ಮಧ್ಯಾಹ್ನ 2 ಗಂಟೆಗೆ ಈ ಮನೆಯಲ್ಲಿ ಯಾರಿರುತ್ತಾರೆ, ಯಾವ ಕೋಣೆಯಲ್ಲಿರುತ್ತಾರೆ?

ಮೊದಲ ಖರ್ಚು ಮಾಳಿಗೆಗೆ

ಬಿಸಿಲು ನೆತ್ತಿಯಿಂದ ಬೀಳುವಾಗ ಏಟು ತಿನ್ನುವುದು ಮಾಳಿಗೆ. ಐದಾರು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಹೀರಿದ ಝಳವನ್ನು ಸಂಜೆಯಿಂದ ಕೋಣೆಯೊಳಗೆ ಬಿಡುತ್ತದೆ. ಫ್ಯಾನ್ ಹಾಕಿದರೆ ಕಾದ ಹಂಚಿನ ಗಾಳಿ ಬಡಿದಂತಾಗುತ್ತದೆ.

ಈ ಸೀಮೆಯ ಹಳೆಯ ಮೇಲ್ಮುದ್ದೆ ಮನೆಗಳಿಗೆ ಇದು ಗೊತ್ತಿತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹೊದಿಕೆ, ಅದರ ಮೇಲೆ ದಪ್ಪಗೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮತ್ತೆ ಸವಳು ಮಣ್ಣು ಹಾಕಿ ಧಮ್ಮಸು ಮಾಡುತ್ತಿದ್ದರು. ನಡುಮನೆಯ ನೆತ್ತಿಯಲ್ಲಿ ಬೆಳಕಿಂಡಿ. ಬೆಳಕು ಅಲ್ಲಿಂದ ಇಳಿದರೆ ಬಿಸಿಗಾಳಿ, ಒಲೆಯ ಹೊಗೆ ಅಲ್ಲಿಂದಲೇ ಮೇಲೇರುತ್ತಿತ್ತು. ಈಗ ಅಂಥ ಮರಮುಟ್ಟು ದುಬಾರಿ, ವರ್ಷಾವರ್ಷ ಮಣ್ಣು ಹೊರುವ ಆಳುಗಳಿಲ್ಲ, ಸೋರುವ ಕಾಟ ಬೇರೆ. ಹಾಗಾಗಿ ಮನೆಯನ್ನು ಹಾಗೇ ಮರಳಿ ಕಟ್ಟುವ ಹಟ ಬೇಡ, ಅದರ ಲೆಕ್ಕ ಸಾಕು.

ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆಯ ಪದರ ಹಾಕಿಸಿ, ಮೇಲೆ ಒಡೆದ ಬಿಳಿ ಟೈಲ್ಸ್ ಕೂರಿಸಬಹುದು. ಕೈಯಲ್ಲಿ ಕಾಸಿಲ್ಲದಿದ್ದರೆ ಬೇಸಿಗೆಗೆ ಮುನ್ನ ಸುಣ್ಣ ಬಳಿದರೂ ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಚಿಮ್ಮುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ನೀತಿ ತಂದಿದೆ. ಸೋಲಾರ್ ಫಲಕ ಕೂರಿಸುವ ಯೋಚನೆಯಿದ್ದರೆ ಮಾಳಿಗೆಯ ಕೆಳಗೇ ಇರುವ ಮಲಗುವ ಕೋಣೆಯ ನೇರ ಮೇಲಕ್ಕೆ ಕೂರಿಸಿ; ಕರೆಂಟ್ ಜತೆಗೆ ನೆರಳೂ ಸಿಗುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂ.ವರೆಗೆ ಸಹಾಯಧನ ನಿಗದಿಯಾಗಿತ್ತು.

ಯಾರ ಕೋಣೆ ಯಾವ ದಿಕ್ಕಿಗೆ

ಮಾಳಿಗೆ ಬಿಟ್ಟರೆ ಬಿಸಿಲಿಗೆ ಬಲಿಯಾಗುವುದು ಪಶ್ಚಿಮದ ಗೋಡೆ. ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆಯನ್ನು ಆ ಕಡೆ ಸಾಲಾಗಿ ಇಟ್ಟರೆ ಅವೇ ತಡೆಗೋಡೆ. ವಾಸ್ತು ನೋಡುವವರು ಯಜಮಾನನ ಕೋಣೆ ನೈಋತ್ಯದಲ್ಲೇ ಇರಲಿ ಎನ್ನುತ್ತಾರೆ. ಆ ಕೋಣೆಯ ಪಶ್ಚಿಮ ಗೋಡೆಗೆ ಬೇಸಿಗೆಯ ಇಳಿಬಿಸಿಲು ಬಡಿಯುತ್ತದೆ. ವಾಸ್ತುವನ್ನೇ ಪಾಲಿಸುವುದಾದರೆ ಪಶ್ಚಿಮಕ್ಕೊಂದು ಪಡಸಾಲೆ, ಜಾಗವಿದ್ದರೆ ಬೇವು ಅಥವಾ ಹೊಂಗೆ ಮರ ಇರಲಿ. ಇಲ್ಲವಾದರೆ ಹಿರಿಯರಿಗೆ ನೆಲಮಹಡಿಯ ಉತ್ತರದ ಕೋಣೆ ಕೊಡಿ. ಮೇಲೊಂದು ಮಹಡಿ ಇರುವುದರಿಂದ ಸ್ಲ್ಯಾಬಿನ ಕಾವು ತಟ್ಟದು. ಮೇ ನಡುವಿನಿಂದ ಆಗಸ್ಟ್ ಆರಂಭದವರೆಗೆ ನಡುಹಗಲಿನ ಸೂರ್ಯ ತುಸು ಉತ್ತರಕ್ಕೆ ವಾಲಿದ್ದರೂ ಒಂದು ಸಜ್ಜಾ ಅದನ್ನು ತಡೆಯುತ್ತದೆ.

ಗೋಡೆಗೆ ಸುಡದ ಮಣ್ಣಿನ ಒತ್ತಿಟ್ಟಿಗೆ ಒಳ್ಳೆಯ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದನ್ನು ಬೆಳೆಸಿದವರು. ಮಣ್ಣಿಗೆ ಶೇ 6–8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಆಯಿತು. ಭಟ್ಟಿ ಬೇಡ, ಉರುವಲು ಬೇಡ. ಒಂದು ಎಚ್ಚರಿಕೆ: ಕಲಬುರಗಿ, ರಾಯಚೂರಿನ ಎರೆಮಣ್ಣು ಹಿಗ್ಗಿ ಕುಗ್ಗುವ ಜಾತಿ, ಇದಕ್ಕೆ ಒಗ್ಗುವುದಿಲ್ಲ. ಮರಳು ಮಿಶ್ರಿತ ಕೆಂಪು ಮಣ್ಣೇ ಬೇಕು. ಸುಟ್ಟ ಇಟ್ಟಿಗೆಯೇ ಸರಿ ಎನ್ನುವವರಿಗೆ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್-ಟ್ರ್ಯಾಪ್ ವಿಧಾನ ಇದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದರಿಂದ ಒಳಗೆ ಗಾಳಿಯ ಪೊಳ್ಳು ಉಳಿಯುತ್ತದೆ, ಕಾವು ತಡವಾಗಿ ದಾಟುತ್ತದೆ, ಇಟ್ಟಿಗೆಯೂ ಸುಮಾರು ಕಾಲುಭಾಗ ಉಳಿಯುತ್ತದೆ. ನಿಮ್ಮ ಗೌಂಡಿಗೆ ಈ ಕೆಲಸ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ದಪ್ಪ ಗೋಡೆಯ ಮನೆ ಹಗಲು ಮುಚ್ಚಿರಬೇಕು, ರಾತ್ರಿ ತೆರೆದಿರಬೇಕು. ಕಳ್ಳರ, ಸೊಳ್ಳೆಗಳ ಭಯಕ್ಕೆ ರಾತ್ರಿಯೂ ಕಿಟಕಿ ಜಡಿದರೆ ಗೋಡೆಯ ಕಾವು ಹೊರಹೋಗಲು ದಾರಿಯಿಲ್ಲ. ಗಟ್ಟಿ ಗ್ರಿಲ್ಲು, ಜಾಲರಿ, ಸೂರಿನ ಬಳಿ ಗವಾಕ್ಷಿಗೆ ಖರ್ಚು ಮಾಡಿ. 30x40 ನಿವೇಶನದಲ್ಲಿ ಅಂಗಳ ಬಿಡಲಾಗದಿದ್ದರೂ ಮೆಟ್ಟಿಲ ಗೋಪುರದ ತುದಿಯಲ್ಲಿ ಜಾಲಂಧ್ರ ಇಟ್ಟರೆ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತದೆ.

ಒಂದೇ ಮನೆ, ಎರಡು ಒಲೆ

ಹಿರಿಯರ ಬಚ್ಚಲಿಗೆ ಹೊಳೆಯುವ ಟೈಲ್ಸ್‌ಗಿಂತ ಹೊಳಪು ಕೊಡದ ಶಹಾಬಾದ್ ಕಲ್ಲು ವಾಸಿ, ಕಾಲು ಜಾರದು. ಬಾಗಿಲು ಮೂರು ಅಡಿ ಅಗಲವಿರಲಿ, ಬಚ್ಚಲಿಗೆ ಹೊಸ್ತಿಲು ಬೇಡ, ಕಮೋಡಿನ ಪಕ್ಕ ಹಿಡಿಕೆ ಬೇಕು. ಗಾಲಿಕುರ್ಚಿ ಬಂದ ಮೇಲೆ ಗೋಡೆ ಒಡೆಸುವುದು ದುಬಾರಿ.

ಕುಟುಂಬ ಹಿಗ್ಗುತ್ತದೆ, ಕುಗ್ಗುತ್ತದೆ. ಇಂದು ಅತ್ತೆ-ಸೊಸೆಗೆ ಒಂದೇ ಒಲೆ. ನಾಳೆ ಮಹಡಿಯಲ್ಲಿ ಇನ್ನೊಂದು ಹೂಡಬೇಕಾದೀತು. ಅದಕ್ಕೆ ಬೇಕಾದ ನೀರಿನ ಪೈಪು, ಹೊರಗಿನಿಂದಲೇ ಹತ್ತುವ ಮೆಟ್ಟಿಲು ಈಗಲೇ ಇದ್ದರೆ ಪಾಲಾದರೂ, ಬಾಡಿಗೆಗೆ ಕೊಟ್ಟರೂ ಮನೆ ಒಡೆಯಬೇಕಿಲ್ಲ. ಒಡೆಯದೆ ಮೂರು ತಲೆಮಾರು ಬಾಳುವ ಮನೆಗಿಂತ ಪರಿಸರಸ್ನೇಹಿ ಮನೆ ಬೇರೊಂದಿಲ್ಲ.

ಮಾಳಿಗೆಯ ಮಳೆನೀರು ಹಿಡಿದಿಡುವ ಲೆಕ್ಕವೂ ಸರಳ: 100 ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ 60,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರ್ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೇ ತಿಂಗಳ ಕೆಲವು ದಿನ ಎಸಿ ಬೇಕೆನಿಸಬಹುದು. ಒಂದು ಕೋಣೆಗೆ ಹಾಕಿಸಿ, ಅದು ಹಿರಿಯರ ಕೋಣೆಯಾಗಿರಲಿ. ಮುಂಭಾಗದ ಅಲಂಕಾರಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲು ಮಾಳಿಗೆಯ ಕೆಲಸ ಮುಗಿಸಿ. ಅಲಂಕಾರವನ್ನು ಮುಂದಿನ ವರ್ಷವೂ ಮಾಡಿಸಬಹುದು.