ಸ್ಕ್ರ್ಯಾಚ್ ತಂತ್ರಾಂಶ: ಹೊಸ ಟ್ಯಾಬ್ಲೆಟ್‌ಗಳ ಜೊತೆಗೆ ಹಳೆಯ ಗಣಕಯಂತ್ರಗಳಲ್ಲಿಯೂ ಕಲಿಕೆ ಮುಂದುವರಿಸುವ ಕುರಿತು

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ರೂಪುಗೊಂಡ ತಂತ್ರಾಂಶವೇ ಸ್ಕ್ರ್ಯಾಚ್. ಇದರ 2.0 ಆವೃತ್ತಿಯು ಅಡೋಬ್ ಫ್ಲ್ಯಾಶ್ ತಂತ್ರಜ್ಞಾನವನ್ನು ಅವಲಂಬಿಸಿತ್ತು. ಫ್ಲ್ಯಾಶ್‌ಗೆ ಬೆಂಬಲವು 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. 2019ರ ಜನವರಿ 2ರಂದು ಬಿಡುಗಡೆಯಾದ 3.0 ಆವೃತ್ತಿಯು ಫ್ಲ್ಯಾಶ್ ಇಲ್ಲದೆ, ಟ್ಯಾಬ್ಲೆಟ್‌ಗಳಲ್ಲಿಯೂ ಕಾರ್ಯನಿರ್ವಹಿಸುತ್ತದೆ.

ಎರಡೂ ಬಗೆಯ ಸಾಧನಗಳಿರುವ ಶಾಲೆಗಳು ಒಂದು ಅಂಶವನ್ನು ಗಮನಿಸತಕ್ಕದ್ದು. ಹಳೆಯ ಆವೃತ್ತಿಯ ಕಡತವನ್ನು ಹೊಸ ಆವೃತ್ತಿಯು ತೆರೆಯಬಲ್ಲದು. ಹೊಸದರಲ್ಲಿ ಉಳಿಸಿದ ಕಡತವನ್ನು ಹಳೆಯದು ತೆರೆಯಲಾರದು. ಕಡತದ ಹೆಸರಿನ ಕೊನೆಯಲ್ಲಿ ‘ಎಸ್‌ಬಿ3’ ಎಂದಿದ್ದರೆ ಅದು ಹೊಸ ಆವೃತ್ತಿಯದು. ಇದನ್ನು ಅರಿಯದೆ ಟ್ಯಾಬ್ಲೆಟ್‌ನಲ್ಲಿ ಮುಂದುವರಿಸಿದ ಕೆಲಸವು, ಹಳೆಯ ಗಣಕಯಂತ್ರಕ್ಕೆ ಮರಳಿದ ವಿದ್ಯಾರ್ಥಿಗೆ ದೊರೆಯದೇ ಹೋಗುತ್ತದೆ.

ಆದುದರಿಂದ ಮುಖ್ಯ ಶಿಕ್ಷಕರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

1. ವಿದ್ಯಾರ್ಥಿಗಳ ಮೂಲ ಕಡತಗಳನ್ನು ಬದಲಿಸದೆ, ಅವುಗಳ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಕಾಯ್ದಿರಿಸುವುದು.
2. ಹೊಸ ಆವೃತ್ತಿಯು ನಡೆಯದ ಗಣಕಯಂತ್ರಗಳಿಂದ ಹಳೆಯ ಆವೃತ್ತಿಯನ್ನು ತೆಗೆದುಹಾಕದಿರುವುದು.
3. ಹಳೆಯ ಗಣಕಯಂತ್ರದಲ್ಲಿ ಆರಂಭಿಸಿದ ಯೋಜನೆಯನ್ನು ಸಾಧ್ಯವಾದಷ್ಟೂ ಅಲ್ಲಿಯೇ ಪೂರ್ಣಗೊಳಿಸಲು ಅವಕಾಶ ನೀಡುವುದು.

ಹೊಸ ಸಾಧನವು ಬಂದ ಕಾರಣಕ್ಕೆ ಹಳೆಯ ಸಾಧನದಲ್ಲಿ ಕಲಿಯುತ್ತಿರುವ ಯಾವ ಮಗುವಿನ ಕೆಲಸವೂ ನಷ್ಟವಾಗಬಾರದು.